ನೊಣಗಳ ಅನುಕಂಪದ ನೇಮಕಾತಿ

ಹಣ್ಣಿನ ನೊಣದ ಆಯುಸ್ಸು ಎರಡು ತಿಂಗಳು. ನಮ್ಮ ಸಂಶೋಧನಾ ಸಂಸ್ಥೆಯ ಕಡತದ ಆಯುಸ್ಸು ಮೂರು. ಈ ಎರಡು ವೈಜ್ಞಾನಿಕ ಸತ್ಯಗಳ ನಡುವೆ ನನ್ನ ತಂಗಿಯ ಮಗಳು ಸಿಕ್ಕಿಕೊಂಡಿದ್ದಳು.

ಅವಳ ಕೆಲಸ ಸರಳ. ನರ ಸವೆದು ಕಾಲು ನಡುಗುವ ಕಾಯಿಲೆಯ ನೊಣಗಳನ್ನು ಗಾಜಿನ ಕೊಳವೆಯಲ್ಲಿ ಸಾಕುವುದು, ಮೆಕ್ಕೆಜೋಳದ ಗಂಜಿಗೆ ಒಂದೆಲಗದ ಸಾರ ಬೆರೆಸಿ ತಿನ್ನಿಸುವುದು, ಆಮೇಲೆ ಕೊಳವೆಯನ್ನು ಮೇಜಿಗೆ ಟಕ್ಕೆಂದು ಕುಟ್ಟುವುದು. ಕೆಳಗೆ ಬಿದ್ದ ನೊಣ ಮತ್ತೆ ಗೋಡೆ ಹತ್ತಿದರೆ ಔಷಧಿ ಫಲಿಸಿತು ಎಂದರ್ಥ. ವರ್ಷದೊಳಗೆ ಒಂದು ನೊಣಕ್ಕಾದರೂ ಸಾರ ತಿನ್ನಿಸದಿದ್ದರೆ ಅವಳ ತಾತ್ಕಾಲಿಕ ಹುದ್ದೆ ರದ್ದು.

ತಿನ್ನಿಸಲು ಅನುಮತಿ ಬೇಕು. ಅನುಮತಿ ಬಂತು. ಅಷ್ಟರಲ್ಲಿ ನೊಣಗಳು ತೀರಿಕೊಂಡಿದ್ದವು.

"ಅವುಗಳ ಮಕ್ಕಳಿವೆಯಲ್ಲ ಸರ್, ಅದೇ ಕಾಯಿಲೆ. ಅವಕ್ಕೇ ತಿನ್ನಿಸ್ತೀನಿ," ಅಂದಳು.

ಆಡಳಿತಾಧಿಕಾರಿಗಳು ಕನ್ನಡಕ ಒರೆಸಿಕೊಂಡರು. "ಅನುಮತಿ ಕೊಟ್ಟಿದ್ದು ಅಪ್ಪನಿಗೆ ಕಣಮ್ಮ. ಮಗ ಹೇಗೆ ತಿಂತಾನೆ? ನಾಳೆ ಬೀದೀಲಿ ಹೋಗೋ ನೊಣ ಒಳಗೆ ಬಂದು ನಾನೇ ಮಗ ಅಂದ್ರೆ?"

ಎರಡನೆಯ ಅರ್ಜಿ ಹೋಯಿತು. ಮಕ್ಕಳೂ ಹೋದವು.

ಅವಳು ನಮ್ಮ ಮನೆಗೆ ಬಂದು ಸೋಫಾದಲ್ಲಿ ಕುಸಿದಳು. "ಮಾವ, ಹುದ್ದೆ ಹೋದ್ರೆ ಹಾಳಾಗ್ಹೋಗ್ಲಿ. ಒಂದೇ ಒಂದು ನೊಣ ಗೋಡೆ ಹತ್ತೋದನ್ನ ಕಣ್ಣಾರೆ ನೋಡ್ಬೇಕಿತ್ತು."

ಅದೇ ಸಂಸ್ಥೆಯ ಸಿಬ್ಬಂದಿ ವಿಭಾಗದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು ನಾನು. ಕರುಳು ಚುರುಕ್ಕೆಂದಿತು, ಕಡತ ಮುಟ್ಟಲು ಕೈಯೂ ಕಡಿಯಿತು.

"ಅಯ್ಯೋ ಹುಚ್ಚಿ! ಸೇವೆಯಲ್ಲಿದ್ದಾಗ ಸತ್ತವರ ಮಕ್ಕಳಿಗೆ ಅನುಕಂಪದ ನೇಮಕಾತಿ ಇಲ್ವೇನೆ?"

ಮರುದಿನ ಅವಳ ಹೊಸ ಅರ್ಜಿ ಓದಿ ಆಡಳಿತಾಧಿಕಾರಿಗಳ ಕಣ್ಣು ತೇವವಾಯಿತು. ಸುತ್ತೋಲೆ ಹೊರಟಿತು: "ಸೇವಾವಧಿಯಲ್ಲಿ ಮೃತಪಟ್ಟ ನೊಣದ ಸಂತತಿಯ ಪೈಕಿ ಒಬ್ಬರನ್ನು ಮಾತ್ರ ಅದೇ ಕೊಳವೆಗೆ, ಅದೇ ಅನುಮತಿಯ ಮೇಲೆ ನೇಮಿಸತಕ್ಕದ್ದು. ಉಳಿದ ಒಡಹುಟ್ಟಿದವರ ಆಕ್ಷೇಪಣೆ ಇರತಕ್ಕದ್ದಲ್ಲ. ರೆಕ್ಕೆ ಬಾರದವರನ್ನು ಅಪ್ರಾಪ್ತರೆಂದು ಪರಿಗಣಿಸಿ, ಅವರಿಗೊಬ್ಬ ಖಾಯಂ ಪೋಷಕರನ್ನು ನೇಮಿಸತಕ್ಕದ್ದು."

ಪೋಷಕಿಯಾಗಿ ನನ್ನ ಈ ಸೋದರಸೊಸೆಯೇ ಖಾಯಂ ಆದಳು. ವಂಶಾವಳಿ ಬರೆಯಲು ಅನುಭವಸ್ಥರು ಬೇಕೆಂದು ನನ್ನನ್ನೇ ಕರೆಸಿಕೊಂಡರು. ಹಳೆಯ ಕುರ್ಚಿಯೇ ಸಿಕ್ಕಿತು, ದಿಂಬು ಹೊಸದು.

ಒಡಹುಟ್ಟಿದವರ ಆಕ್ಷೇಪಣೆ ಕೇಳುವುದು ಹೇಗೆ? ಅದನ್ನೂ ನಾನೇ ಬಗೆಹರಿಸಿದೆ. ಕೊಳವೆ ಕುಟ್ಟುವುದು, ಆಕ್ಷೇಪಣೆ ಇರುವವರು ಮೇಲೆ ಬರಲಿ. ಕುಟ್ಟಿದೆವು. ಪಾಪ, ಕಾಯಿಲೆಯವರು, ಯಾರೂ ಬರಲಿಲ್ಲ. ಸರ್ವಾನುಮತ!

ಹೀಗೆ ನೇಮಕಗೊಂಡ ಹಿರಿಮಗನಿಗೆ ಸಾರ ತಿನ್ನಿಸಿ, ಕೆಲವು ದಿನ ಬಿಟ್ಟು, ಎಲ್ಲರ ಸಮಕ್ಷಮದಲ್ಲಿ ಸೊಸೆ ಕೊಳವೆ ಕುಟ್ಟಿದಳು. ನೊಣ ಬಿತ್ತು. ಮೀಸೆ ತೀಡಿಕೊಂಡಿತು. ಆಮೇಲೆ ಸರಸರನೆ ಗೋಡೆ ಹತ್ತಿ, ಮೇಲಿನ ಅರಳೆಯ ಬಿರಡೆಗೆ ತಲೆ ಕೊಟ್ಟಿತು.

"ಮಾವಾ! ಹತ್ತಿತು!" ಅವಳು ಚಪ್ಪಾಳೆ ತಟ್ಟಿ ಅತ್ತೇಬಿಟ್ಟಳು.

ಆಡಳಿತಾಧಿಕಾರಿಗಳು ಬಗ್ಗಿ ನೋಡಿದರು. "ಮೇಲೆ ಬಂದಿದ್ದಾನೆ. ಅಂದ್ರೆ ಆಕ್ಷೇಪಣೆ."

"ಸರ್, ಗುಣ ಆಗಿದೆ!"

"ಇರಬಹುದಮ್ಮ. ಆದರೆ ನಿಯಮ ನಿಮ್ಮ ಮಾವನವರದೇ."

ನಾನು ತಲೆಯಾಡಿಸಿದೆ. ನಿಯಮ ಸ್ಪಷ್ಟವಾಗಿತ್ತು. ತನ್ನ ನೇಮಕಾತಿಗೆ ತಾನೇ ಆಕ್ಷೇಪಣೆ ಎತ್ತಿದ ಮೊದಲ ನೌಕರನೆಂದು ದಾಖಲಿಸಿ, ಪೂರ್ಣ ಗಂಜಿಯೊಂದಿಗೆ ಅಮಾನತಿನಲ್ಲಿಡಲಾಗಿದೆ. ವಿಚಾರಣೆ ಮುಗಿಯುವವರೆಗೆ ಸಾರಕ್ಕೆ ತಡೆ. ವಿಚಾರಣೆಗೆ ಮೂರು ತಿಂಗಳು ಸಾಕಂತೆ.

ಮೊದಲೆರಡು ದಿನ ಸೊಸೆ ನನ್ನ ಜೊತೆ ಮಾತು ಬಿಟ್ಟಿದ್ದಳು. ನಿನ್ನೆ ತಾನಾಗಿಯೇ ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು:

"ಮಾವ, ಇವನಿಗೆ ಮಕ್ಕಳಾಗಿವೆ. ವಂಶಾವಳಿ ಈಗ್ಲೇ ಶುರು ಮಾಡೋಣ್ವಾ?"