ಯೋಜಿಸಿದರೆ ಅರ್ಧ ಮುಗಿದಂತೆ!

"ಯೋಜಿಸುವುದು ಅಂದರೆ ಅರ್ಧ ಕೆಲಸ ಮುಗಿಸಿದ ಹಾಗೆ!" ಪಂಗಾನಿಯ ಶಾಲೆಯಲ್ಲಿ ಮಕಾಮೆ ಮಾಸ್ತರರು ಮೂವತ್ತು ವರ್ಷ ಆ ಕ್ರಿಯಾಪದಕ್ಕೆ ಹೇಳಿಕೊಟ್ಟ ಅರ್ಥ ಇದು. "ಉಳಿದರ್ಧ ಯಾರು ಮಾಡೋದು?" ಎಂದು ಕೇಳುವ ಧೈರ್ಯ ಇದ್ದವಳು ಅವರ ಹೆಂಡತಿ ರಿಜಿಕಿ ಒಬ್ಬಳೇ.

ರಿಜಿಕಿ ಮಗಳ ಬಾಣಂತನಕ್ಕೆಂದು ಮೊಂಬಾಸಾಗೆ ಹೋಗಿ ನಲವತ್ತು ದಿನವಾಗಿತ್ತು. ಅವಳು ಬರುವ ದಿನ ಮಾಸ್ತರರು ಶಪಥ ತೊಟ್ಟರು: ಬಂದವಳು ಇವತ್ತು ಒಲೆಯ ಮುಖ ನೋಡಕೂಡದು! ತಾವೇ ಪಿಲಾವ್ ಮಾಡಬೇಕು, ಓಣಿಯವರ ನಡುವೆ ಅವಳನ್ನು ರಾಣಿಯಂತೆ ಕೂರಿಸಿ ಬಡಿಸಬೇಕು. ನಿಜ ಹೇಳಬೇಕೆಂದರೆ, ಅವಳಿಲ್ಲದ ಮನೆಯಲ್ಲಿ ಅವರಿಗೆ ಚಹಾ ಕೂಡ ರುಚಿಸಿರಲಿಲ್ಲ.

ಗುಟ್ಟು ರಟ್ಟಾಗಬಾರದಲ್ಲ! ಓಣಿಯ ಪಾತ್ರೆಪಡಗ ಕಾಯುವ ಮ್ವಾನಕೊಂಬೊಳ ಬಾಗಿಲಿಗೆ ಹೋಗಿ, ಅತ್ತಿತ್ತ ನೋಡಿ, ಪಿಸುಗುಟ್ಟಿದರು. "ದೊಡ್ಡ ಹಂಡೆ ಬೇಕಿತ್ತು. ಹತ್ತು ಚಾಪೆನೂ."

ಎಡವಿದ್ದು ಅಲ್ಲೇ. ಆ ಓಣಿಯಲ್ಲಿ ಮದುವೆಗೆ ಹಂಡೆ ಕೇಳಲು ಹೆಂಗಸರು ಗುಂಪಾಗಿ ನಗುತ್ತಾ ಬರುತ್ತಾರೆ. ಗಂಡಸೊಬ್ಬನೇ ಬಂದು ಮೆಲ್ಲಗೆ ಹಂಡೆ, ಚಾಪೆ ಎರಡನ್ನೂ ಕೇಳಿದನೆಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಯೋಜನೆಯ ಭರದಲ್ಲಿ ಮಾಸ್ತರರು ಅದನ್ನು ಮರೆತೇಬಿಟ್ಟಿದ್ದರು.

ಮ್ವಾನಕೊಂಬೊಳ ಕಣ್ಣು ತುಂಬಿತು. "ರಿಜಿಕೀನಾ?"

"ಹೂಂ. ಮಧ್ಯಾಹ್ನದ ಬಸ್ಸಿಗೆ ಬರ್ತಾಳೆ."

"ಅಯ್ಯೋ, ಬಸ್ಸಲ್ಲೇ ಕಳಿಸಿದ್ರಾ?"

"ಮತ್ತೇನು ವಿಮಾನದಲ್ಲಿ ಕಳಿಸ್ತಾರಾ? ಕಿಟಕಿ ಪಕ್ಕದ ಸೀಟೇ ಸಿಕ್ಕಿದೆಯಂತೆ!"

ಪಾಪ, ದುಃಖಕ್ಕೆ ಮಾಸ್ತರರ ತಲೆ ಕೆಟ್ಟಿದೆ ಎಂದುಕೊಂಡಳು ಮ್ವಾನಕೊಂಬೊ.

ಗಂಟೆಯೊಳಗೆ ಓಣಿಗೆ ಓಣಿಯೇ ಚಾಪೆಗಳ ಮೇಲೆ ಬಂದು ಕೂತಿತು. ಊಟದ ವಾಸನೆ ಹಿಡಿದೇ ಬಂದರೆಂದು ಮಾಸ್ತರರಿಗೆ ಹಿಗ್ಗೋ ಹಿಗ್ಗು. ಒಬ್ಬೊಬ್ಬರೂ ಅವರ ಕೈ ಹಿಡಿದು, "ಸಹನೆ ಇರಲಿ ಮಾಸ್ತರೇ" ಅನ್ನುವರು. "ಇನ್ನೆರಡು ಗಂಟೆ ತಾನೇ, ಕಾಯ್ತೀನಿ ಬಿಡಿ!" ಎಂದು ಇವರು ಹಲ್ಲು ಕಿರಿಯುವರು. ಈ ಉಪಚಾರದಲ್ಲಿ ಎರಡು ಗಂಟೆ ಕಳೆದದ್ದೂ ಪಿಲಾವ್ ತಳ ಹಿಡಿದದ್ದೂ ಗೊತ್ತಾಗಲೇ ಇಲ್ಲ. ಸೀದ ವಾಸನೆ ಮೂಗಿಗೆ ಬಡಿದಾಗ ಒಳಕ್ಕೆ ಓಡಿದರು.

ರಿಜಿಕಿ ಓಣಿಯ ತಿರುವಿಗೆ ಬಂದದ್ದು ಆಗಲೇ. ತನ್ನ ಮನೆ ಮುಂದೆ ಚಾಪೆ, ತಲೆ ತಗ್ಗಿಸಿದ ಜನ. ಗಂಡನೊಬ್ಬನೇ ಕಾಣುತ್ತಿಲ್ಲ! ಕೈಯಲ್ಲಿದ್ದ ಗಂಟು ಜಾರಿತು.

"ಅಯ್ಯೋ ನನ್ನ ಮಾಸ್ತರೇ! ನಾನು ಬರೋವರೆಗೂ ತಡೆಯೋಕೆ ಆಗ್ಲಿಲ್ವಾ ನಿಮಗೆ?"

ಸತ್ತವಳೇ ಅಳುತ್ತಾ ಓಡಿಬರುವುದನ್ನು ಕಂಡು ಮ್ವಾನಕೊಂಬೊ ಕಿಟಾರನೆ ಕಿರುಚಿದಳು. ಸೌಟು ಹಿಡಿದು, ಮಸಿ ಮುಖದಲ್ಲಿ ಮಾಸ್ತರರು ಹೊರಗೆ ಬಂದರು.

"ರಿಜಿಕಿ! ಯಾರು ಹೋದ್ರೇ?"

ರಿಜಿಕಿ ಅವರ ಎದೆಗೆ ಎರಡು ಗುದ್ದು ಗುದ್ದಿದಳು. ಆಮೇಲೆ ಅದೇ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ನೀವಿಲ್ಲದೆ ಬದುಕೋದು ಹೇಗೆ ಅಂತ ನಾನು ಯಾವತ್ತೂ ಯೋಜಿಸಿಲ್ಲ ಕಣ್ರೀ!"

ಮಾಸ್ತರರು ಸೌಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ನೀನು ಒಲೆ ಮುಂದೆ ಹೋಗಬಾರದು ಅಂತ ಮಾಡಿದ್ದು ಕಣೇ…"

ಓಣಿ ಬಿದ್ದು ಬಿದ್ದು ನಕ್ಕಿತು. ಸೀಯದೆ ಉಳಿದಿದ್ದ ಮೇಲಿನ ಪಿಲಾವನ್ನು ಎಲ್ಲರೂ ಹಂಚಿಕೊಂಡು ಉಂಡರು. ರಿಜಿಕಿ ನಡುವೆಯೇ ಕೂತು ಉಂಡಳು. ಕೈ ತೊಳೆದು ಬಂದವಳು ಕರಿಹಿಡಿದ ಹಂಡೆಯನ್ನು ಗಂಡನ ಮುಂದಿಟ್ಟು, ತೆಂಗಿನ ನಾರು ಕೈಗಿತ್ತಳು.

"ಯೋಜಿಸಿ ಅರ್ಧ ಮುಗಿಸಿದ್ದೀರಿ ಮಾಸ್ತರೇ. ಉಳಿದರ್ಧ ಇದು, ತಿಕ್ಕಿ!"