ಹೆಡ್‌ಮಾಸ್ಟ್ರು ಜೋಗ ತೋರಿಸಿದ್ದು

ಕಡಬದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಹನ್ನೊಂದು ವರ್ಷ ಕನ್ನಡ ಟೀಚರಾಗಿದ್ದೆ. ಅಷ್ಟೂ ವರ್ಷದಲ್ಲಿ ನಮ್ಮ ಶಾಲೆಯವರು ಹಾಕಿದ ಯೋಜನೆ ಹಾಕಿದ ಹಾಗೆಯೇ ನಡೆದದ್ದು ನನಗೆ ನೆನಪಿಲ್ಲ. ವಾರ್ಷಿಕೋತ್ಸವಕ್ಕೆ ಕರೆದ ಮುಖ್ಯ ಅತಿಥಿ ಪಕ್ಕದ ಊರಿನ ಶಾಲೆಗೆ ಹೋಗಿ ಭಾಷಣ ಮಾಡಿ, ಹಾರ ಹಾಕಿಸಿಕೊಂಡು ವಾಪಸಾದದ್ದೂ ಉಂಟು. ಹಾಗಾಗಿ ಎಂಬತ್ತರ ಸುಮಾರಿಗೆ ಅಧ್ಯಾಪಕರೆಲ್ಲ ಸೇರಿ ಜೋಗಕ್ಕೆ ಹೋಗುವುದೆಂದು ನಿಶ್ಚಯವಾದಾಗ, ಏನಾದರೊಂದು ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಏನು ಎಂಬುದಷ್ಟೇ ಗೊತ್ತಿರಲಿಲ್ಲ.

ಯಾವಾಗ ಹೋಗುದು

ಹೊರಡುವ ಹಟ ಹೆಡ್‌ಮಾಸ್ಟ್ರದು. ಅವರು ಭೂಗೋಳ ಪಾಠ ಮಾಡುವವರು. ಮೂವತ್ತು ವರ್ಷ ಬೋರ್ಡಿನ ಮೇಲೆ ಶರಾವತಿ ನದಿ ಬಿಡಿಸಿ, ಜೋಗದ ನಾಲ್ಕು ಕವಲು ಎಳೆದು, ಒಂದೊಂದರ ಹೆಸರು ಮಕ್ಕಳಿಂದ ಹೇಳಿಸಿದವರು. ಆದರೆ ಜೋಗವನ್ನು ಕಣ್ಣಲ್ಲಿ ಕಂಡವರಲ್ಲ. ಮದುವೆಯಾದ ವರ್ಷ ಹೆಂಡತಿಗೆ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ. ಒಂದು ವರ್ಷ ಹೆರಿಗೆ, ಒಂದು ವರ್ಷ ಇನ್ಸ್‌ಪೆಕ್ಷನ್, ಒಂದು ವರ್ಷ ಸೊಂಟನೋವು ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಬರುವ ಮಾರ್ಚಿಗೆ ಅವರ ನಿವೃತ್ತಿ. ಇನ್ನು ಬಿಟ್ಟರೆ ಇಲ್ಲ.

ಮೀಟಿಂಗ್ ಕರೆದರು. ಮಳೆಗಾಲದಲ್ಲಿ ಹೋಗುವ ಎಂದೆವು. ಆಗ ನೀರು ಧಾರಾಳ, ಆದರೆ ಮಂಜು ಮುಚ್ಚಿ ಏನೂ ಕಾಣುವುದಿಲ್ಲ ಎಂದರು. ಹಾಗಾದರೆ ಬೇಸಗೆಯಲ್ಲಿ ಎಂದೆವು. ಆಗ ಚೆನ್ನಾಗಿ ಕಾಣುತ್ತದೆ, ಆದರೆ ನೀರೇ ಇರುವುದಿಲ್ಲ ಎಂದರು. ಮೂರು ಮೀಟಿಂಗ್ ಹೀಗೇ ಮುಗಿಯಿತು. ನಾಲ್ಕನೆಯದರಲ್ಲಿ ಕಲ್ಲುಗುಂಡಿ ಕಡೆಯ ಪಿ.ಟಿ. ಮಾಸ್ಟ್ರು ಬೇಸತ್ತು ಎದ್ದು ನಿಂತರು.

"ಸಾರ್, ನಮ್ಮಲ್ಲಿಗೆ ಬನ್ನಿ. ಮಳೆಗಾಲದಲ್ಲಿ ನಮ್ಮ ಮನೆಯ ಹೆಂಚಿನ ಮಾಡಿನಿಂದಲೇ ನಾಲ್ಕು ಕವಲು ಬೀಳ್ತದೆ. ಮಂಜೂ ಇಲ್ಲ, ಅಡುಗೆಮನೆಯಲ್ಲಿ ಕೂತು ನೋಡಬಹುದು."

ನೀರಿನ ವ್ಯವಸ್ಥೆ

ಕೊನೆಗೆ ದಸರಾ ರಜೆ ಎಂದು ನಿಶ್ಚಯವಾಯಿತು. ಆದರೂ ಹೆಡ್‌ಮಾಸ್ಟ್ರಿಗೆ ಸಮಾಧಾನವಿಲ್ಲ. ಹೆಂಡತಿಯನ್ನೂ ಕರೆದುಕೊಂಡು ಅಷ್ಟು ದೂರ ಹೋಗಿ ಒಣಗಿದ ಬಂಡೆ ನೋಡಿ ಬರುವುದಾದರೆ ಆಕೆಗೆ ಮುಖ ತೋರಿಸುವುದು ಹೇಗೆ? ಜೋಗದಲ್ಲಿ ಉಳಿಯಲು ಬಂಗಲೆಯೊಂದಕ್ಕೆ ಪತ್ರ ಬರೆಯುವಾಗ ಅದನ್ನೂ ಕೇಳುವ ಎಂದರು. ನಾನು ಕನ್ನಡ ಟೀಚರಾದ್ದರಿಂದ ಪತ್ರ ನನ್ನ ಪಾಲಿಗೆ ಬಂತು. ವ್ಯಾಕರಣ ಒಂದಿಷ್ಟೂ ತಪ್ಪದೆ ಬರೆದೆ: ನಾವು ಹನ್ನೆರಡು ಮಂದಿ ಬರಲಿದ್ದೇವೆ, ಆ ಸಮಯದಲ್ಲಿ ತಮ್ಮಲ್ಲಿ ನೀರು ಸಮೃದ್ಧವಾಗಿ ಇರುವುದೇ ಎಂಬುದನ್ನು ದಯವಿಟ್ಟು ತಿಳಿಸುವುದು.

ಹದಿನೈದು ದಿನಕ್ಕೆ ಬಂಗಲೆ ನೋಡಿಕೊಳ್ಳುವವನ ಕಾರ್ಡು ಬಂತು. ಹೆಡ್‌ಮಾಸ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದಿದರು.

"ನೀರಿಗೆ ತೊಂದರೆ ಇಲ್ಲ. ತಲೆಗೆ ಎರಡು ಬಕೆಟ್. ಬಿಸಿನೀರು ಬೇಕಾದವರು ಹಿಂದಿನ ದಿನವೇ ಹೇಳತಕ್ಕದ್ದು."

ಮದುವೆ ವ್ಯಾನು

ಕುಂಬ್ರದ ಒಬ್ಬರು ಬ್ಯಾರಿ ಸಾಹೇಬರು ತಮ್ಮ ವ್ಯಾನು ತಾವೇ ಓಡಿಸುತ್ತಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಬರುವ ಮನುಷ್ಯ ಎಂದು ಅವರಿಗೇ ಬಾಡಿಗೆ ಹೇಳಿದ್ದೆವು. ಅಂದೂ ಬೆಳಗ್ಗೆ ಸರಿಯಾಗಿ ಐದಕ್ಕೆ ಬಂದರು. ಆದರೆ ವ್ಯಾನಿನ ಮೂತಿಗೆ ಹೂವಿನ ಮಾಲೆ, ಎರಡೂ ಬದಿಗೆ ಜರಿಕಾಗದ, ಹಿಂದಿನ ಗಾಜಿಗೆ 'ಶುಭ ವಿವಾಹ'. ಹಿಂದಿನ ದಿನ ಸುಳ್ಯದಲ್ಲಿ ಮದುವೆ ಬಾಡಿಗೆ ಇತ್ತಂತೆ.

ತೆಗೆಯಲಿಕ್ಕೆ ಆಗಲಿಲ್ಲವಾ ಎಂದು ಹೆಡ್‌ಮಾಸ್ಟ್ರು ಕೇಳಿದರು. ಮದುಮಗನ ದೋಸ್ತಿಗಳು ಮೈದಾದ ಅಂಟಿನಲ್ಲಿ ಹಚ್ಚಿದ್ದಾರೆ, ಕೆರೆಯಲು ಕೂತರೆ ಮಧ್ಯಾಹ್ನವಾದೀತು, ದಾರಿಯಲ್ಲಿ ಗಾಳಿಗೆ ತಾನಾಗಿ ಹೋಗುತ್ತದೆ ಎಂದರು ಬ್ಯಾರಿ. ಹೋಗಲಿಲ್ಲ. ಕಾರ್ಕಳದ ಹೋಟೆಲಿನ ಮುಂದೆ ಇಳಿದಾಗ ಒಳಗೆ ತಿಂಡಿ ತಿನ್ನುತ್ತಿದ್ದವರೆಲ್ಲ ಮದುಮಗಳನ್ನು ನೋಡಲು ಬಾಗಿಲಿಗೆ ಬಂದರು. ಇಳಿದವರು ಒಬ್ಬೊಬ್ಬರಾಗಿ ನಾವು.

ಘಾಟಿ ಹತ್ತುವ ಮೊದಲು ಒಂದು ಗೇಟು. ಅಲ್ಲಿಯ ಗಾರ್ಡು ವ್ಯಾನಿನೊಳಗೆ ಇಣುಕಿ, ಮದುಮಕ್ಕಳು ಎಲ್ಲಿ ಎಂದು ಕೇಳಿದ. ಕತೆ ಹೇಳುತ್ತಾ ಕೂತರೆ ಹೊತ್ತಾಗುತ್ತದೆಂದು ಬ್ಯಾರಿ ಮಾತಾಡದೆ ಹೆಬ್ಬೆರಳಿನಲ್ಲಿ ಪಕ್ಕದ ಸೀಟು ತೋರಿಸಿದರು. ಅಲ್ಲಿ ನೆರೆತ ತಲೆಯ ಹೆಡ್‌ಮಾಸ್ಟ್ರು, ಅವರ ಪಕ್ಕ ಅವರ ಹೆಂಡತಿ. ಗಾರ್ಡು ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿ, ಗೌರವದಿಂದ ಗೇಟು ಎತ್ತಿದ.

"ಆಗಲಿ ಸಾರ್. ಎಲ್ಲದಕ್ಕೂ ಕಾಲ ಕೂಡಿ ಬರಬೇಕು."

ಜೀರಿಗೆ ನೀರು

ನಮ್ಮ ಗಣಿತದ ಮಾಸ್ಟ್ರ ಮನೆಯವರು ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ರಬ್ಬರು ಹಾಕಿದವರು. ಅವರ ಅಮ್ಮನ ಪ್ರಕಾರ ಕಾಯಿಸದ ನೀರು ಕುಡಿದವರು ಬದುಕಿ ಉಳಿಯುವುದು ಕಷ್ಟ. ಹಾಗೆ ಮಗನ ಜೊತೆ ಒಂದು ದೊಡ್ಡ ಕೊಡಪಾನ ಜೀರಿಗೆ ನೀರು ಕಾಯಿಸಿ ಕಳಿಸಿದ್ದರು. ನಾಡಿನವರೆಲ್ಲ ಜೋಗಕ್ಕೆ ನೀರು ನೋಡಲು ಹೋಗುವಾಗ ನಾವು ನೀರು ಹೊತ್ತುಕೊಂಡು ಹೊರಟಿದ್ದೆವು.

ಕೊಡಪಾನ ಗಣಿತದ ಮಾಸ್ಟ್ರ ಮಡಿಲಲ್ಲಿ. ಪಕ್ಕದಲ್ಲಿ ಪಿ.ಟಿ. ಮಾಸ್ಟ್ರು, ಪ್ರವಾಸಕ್ಕೆಂದೇ ಹೊಲಿಸಿದ ಬಿಳಿ ಪ್ಯಾಂಟಿನಲ್ಲಿ. ಆಗುಂಬೆ ಘಾಟಿಯ ಮೊದಲ ತಿರುವಿನಲ್ಲಿ ನೀರು ಚೂರು ತುಳುಕಿತು. ಎಂತ ಇಲ್ಲ, ಬಟ್ಟೆ ಬಿಗಿದು ಕಟ್ಟಿದ್ದೇನೆ ಎಂದರು ಗಣಿತದ ಮಾಸ್ಟ್ರು. ಐದನೆಯ ತಿರುವಿನಲ್ಲಿ ಬಟ್ಟೆ ಬಿಚ್ಚಿಹೋಯಿತು. ಆಮೇಲೆ ವ್ಯಾನು ಬಲಕ್ಕೆ ತಿರುಗಿದಾಗೆಲ್ಲ ನೀರು ಎಡಕ್ಕೆ, ಪಿ.ಟಿ. ಮಾಸ್ಟ್ರ ಮೇಲೆ. ಕೊಡಪಾನ ಕೆಳಗಿಡಿ ಮಾರಾಯ್ರೆ ಎಂದು ಅವರು ಬೇಡಿದರು. ಕೆಳಗಿಟ್ಟರೆ ಚೆಲ್ಲುತ್ತದೆ ಎಂದರು ಗಣಿತದ ಮಾಸ್ಟ್ರು.

ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯವನು ಪಿ.ಟಿ. ಮಾಸ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಘಾಟಿಯಲ್ಲಿ ಜೋರು ಮಳೆಯಾ ಎಂದು ವಿಚಾರಿಸಿದ.

"ಜೋರು," ಎಂದರು ಪಿ.ಟಿ. ಮಾಸ್ಟ್ರು. "ವ್ಯಾನಿನ ಒಳಗೆ ಮಾತ್ರ."

ಅಗೋ ರಾಜ, ಅಗೋ ರಾಣಿ

ಮಧ್ಯಾಹ್ನ ಮೂರಕ್ಕೆ ಜೋಗ ಸೇರಿದೆವು. ಆ ವಾರ ಮಳೆ ಹಿಂದೆ ಸರಿಯದೆ ಹೊಯ್ಯುತ್ತಲೇ ಇತ್ತಂತೆ. ಬಂಗಲೆಯ ಅಂಗಳದಲ್ಲಿ ಇಳಿದರೆ ಕಾಲ ಕೆಳಗಿನ ನೆಲ ಬಿಟ್ಟು ಬೇರೇನೂ ಕಾಣದಷ್ಟು ಮಂಜು. ಹೆಡ್‌ಮಾಸ್ಟ್ರ ಮುಖ ಸಣ್ಣದಾಯಿತು. ಹೆಂಡತಿಯತ್ತ ನೋಡುವ ಧೈರ್ಯವೂ ಅವರಿಗಿರಲಿಲ್ಲ. ಆಮೇಲೆ ಏನು ತೋರಿತೋ, ಕೊಡೆ ಮಡಚಿ, ಒಂದು ತಂತಿಬೇಲಿಯ ಹತ್ತಿರ ನಿಂತು, ಕೊಡೆಯ ತುದಿಯಿಂದ ಮಂಜಿನೊಳಗೆ ತೋರಿಸುತ್ತಾ ಪಾಠ ಶುರುಮಾಡಿದರು. ಅಗೋ ಅಲ್ಲಿ ರಾಜ, ನೇರ ಬೀಳುವವನು. ಅವನ ಪಕ್ಕದಲ್ಲಿ ಅಬ್ಬರಿಸುವ ರೋರರ್. ಆಚೆಗೆ ಚಿಮ್ಮುವ ರಾಕೆಟ್. ಕೊನೆಯಲ್ಲಿ ಬಳುಕುವವಳು ರಾಣಿ.

ಎಷ್ಟು ಚೆನ್ನಾಗಿ ಹೇಳಿದರೆಂದರೆ, ಹುಬ್ಬಳ್ಳಿ ಕಡೆಯ ಒಂದು ಸಂಸಾರವೂ ಬಂದು ನಮ್ಮ ಜೊತೆ ಸಾಲಾಗಿ ನಿಂತಿತು. ಪಿ.ಟಿ. ಮಾಸ್ಟ್ರು ಮಾತ್ರ, ಸಾರ್, ಶಬ್ದ ನಮ್ಮ ಹಿಂದಿನಿಂದ ಬಂದ ಹಾಗೆ ಉಂಟಲ್ಲ ಎಂದರು. ಅದು ಪ್ರತಿಧ್ವನಿ, ನೀರು ಬೀಳುವುದು ಮುಂದೆ, ಸದ್ದು ಗುಡ್ಡಕ್ಕೆ ಬಡಿದು ಹಿಂದಿನಿಂದ ಬರುತ್ತದೆ ಎಂದು ಹೆಡ್‌ಮಾಸ್ಟ್ರು ವಿವರಿಸಿದರು. ಎಲ್ಲರೂ ತಲೆದೂಗಿದೆವು.

ಅರ್ಧ ಗಂಟೆ ಕಳೆದಿರಬೇಕು. ಎದುರಿನ ಮಂಜು ತೆಳುವಾಯಿತು. ಅದರೊಳಗೆ ಮೇಲಿನಿಂದ ಕೆಳಗೆ ಉದ್ದಕ್ಕೆ ಇಳಿದ ಬಿಳಿ ಪಟ್ಟೆ, ಒಂದಲ್ಲ, ಸರಿಯಾಗಿ ನಾಲ್ಕು. ಹೆಡ್‌ಮಾಸ್ಟ್ರು ಕೊಡೆ ಎತ್ತಿ ಒಂದೊಂದರ ಹೆಸರು ಮತ್ತೊಮ್ಮೆ ಹೇಳಿದರು. ಹುಬ್ಬಳ್ಳಿಯ ಅಜ್ಜಿ ಕೈಮುಗಿದರು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಮಂಜು ಇನ್ನೂ ಸ್ವಲ್ಪ ಸರಿಯಿತು. ಬಂಗಲೆಯ ಅಡುಗೆಕೋಣೆ ಕಂಡಿತು. ಅದರ ಮಾಡಿನ ಕೆಳಗೆ ಹಗ್ಗದಲ್ಲಿ ಒಣಗಲು ಹಾಕಿದ ನಾಲ್ಕು ಹಾಸುವ ಬಟ್ಟೆ ಕಂಡಿತು. ರಾಣಿಯನ್ನು ತೆಗೆದು ಒಬ್ಬಾಕೆ ಮಡಚುತ್ತಿದ್ದಳು.

ಒಬ್ಬೊಬ್ಬರೇ ಮೆಲ್ಲಗೆ ಹಿಂದಕ್ಕೆ ತಿರುಗಿದೆವು. ಅಲ್ಲಿ, ಇಡೀ ಕಣಿವೆ ತುಂಬಿ, ಜೋಗ ಬೀಳುತ್ತಾ ಇತ್ತು. ಹೆಡ್‌ಮಾಸ್ಟ್ರ ಹೆಂಡತಿ ನಮಗಿಂತ ಮೊದಲೇ ಆ ಕಡೆ ತಿರುಗಿ, ಸೆರಗು ಹೊದ್ದು ನಿಂತಿದ್ದರು. ಹೆಡ್‌ಮಾಸ್ಟ್ರು ಹತ್ತಿರ ಹೋಗಿ, ನಿನಗೆ ಮೊದಲೇ ಗೊತ್ತಿತ್ತಾ ಎಂದು ಮೆಲ್ಲಗೆ ಕೇಳಿದರು. ಇಳಿಯುವಾಗಲೇ ಶಬ್ದದಿಂದ ಗೊತ್ತಾಗಿತ್ತು ಎಂದರು ಆಕೆ.

"ಮತ್ತೆ ಹೇಳುದಲ್ಲವಾ?"

"ಎಂತ ಹೇಳುದು? ಮೂವತ್ತು ವರ್ಷಕ್ಕೆ ಒಮ್ಮೆ ಕರ್ಕೊಂಡು ಬಂದಿದ್ದೀರಿ. ನೀವು ತೋರಿಸಿದ್ದನ್ನು ಮೊದಲು ನೋಡಿ, ಆಮೇಲೆ ಜೋಗ ನೋಡುವ ಅಂತ ಇದ್ದೆ."