ಪ್ರಮಾಣ ಚೆಂಡು ಗೋಡೆಯಾಚೆ ಹೋದ ಬಗ್ಗೆ

ಗಾಲ್ಫ್ ಚೆಂಡು ನಿಯಂತ್ರಣ ಇಲಾಖೆ
ಸುತ್ತೋಲೆ ಸಂಖ್ಯೆ: ಗಾಚೆನಿ/ಹಾರಾಟ/17/ಅತಿ ತುರ್ತು

ವಿಷಯ: ವೃತ್ತಿಪರ ಆಟಗಾರರ ಚೆಂಡುಗಳು ಅತಿ ದೂರ ಹೋಗುತ್ತಿರುವುದನ್ನು ತಡೆಯುವ ಕುರಿತು.

ಉಲ್ಲೇಖ: ಪಕ್ಕದ ಮನೆಯ ದೊಡ್ಡಮ್ಮನವರು ಗೋಡೆಯಾಚೆಯಿಂದ ನೀಡಿದ ಮೌಖಿಕ ಹೇಳಿಕೆ.

ಹೊಸ ತಂತ್ರಜ್ಞಾನದ ಚೆಂಡುಗಳ ಹಾರಾಟಕ್ಕೆ ಮೈದಾನಗಳೇ ಸಾಲದಾಗಿರುವುದರಿಂದ, ಪ್ರತಿ ಚೆಂಡನ್ನೂ ಇಲಾಖೆಯ ಏಕೈಕ ಪ್ರಮಾಣ ಚೆಂಡಿನೊಂದಿಗೆ ಹೋಲಿಸಿ, ಮುದ್ರೆ ಒತ್ತಿದ ನಂತರವೇ ಪಂದ್ಯದಲ್ಲಿ ಬಳಸಲು ಆದೇಶಿಸಲಾಗಿತ್ತು. ಸದರಿ ಪ್ರಮಾಣ ಚೆಂಡು ಕಳೆದ ಸೋಮವಾರ ಪರೀಕ್ಷಾ ಮೈದಾನದಿಂದ ಹೊರಟು, ಪಕ್ಕದ ಮನೆಯ ಅಡುಗೆಮನೆಯನ್ನು ಕಿಟಕಿಯ ಗಾಜಿನ ಮೂಲಕ ಪ್ರವೇಶಿಸಿರುತ್ತದೆ. ಹೊಡೆದವರು ಯಾರೆಂಬುದು ಕಡತದಲ್ಲಿ ಕಂಡುಬರುವುದಿಲ್ಲ. ಬರುವ ಭಾನುವಾರ ಚಾಂಪಿಯನ್‌ಷಿಪ್ ಇದ್ದು, ಪ್ರಮಾಣ ಚೆಂಡಿಲ್ಲದೆ ಯಾರೂ ಆಡುವಂತಿಲ್ಲವಾದ್ದರಿಂದ, ಕೆಳಕಂಡ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವಂತೆ ಈ ಮೂಲಕ ಸೂಚಿಸಲಾಗಿದೆ.

1. ಕ್ಯಾಂಟೀನಿನ ಒಂದು ನಿಂಬೆಹಣ್ಣನ್ನು ಹಂಗಾಮಿ ಪ್ರಮಾಣ ಚೆಂಡಾಗಿ ನೇಮಿಸಲಾಗಿದೆ. ಹಣ್ಣು ಒಣಗಿದಂತೆ ಆಟಗಾರರ ಚೆಂಡುಗಳೂ ಕುಗ್ಗತಕ್ಕದ್ದು.

2. ಚೆಂಡಿನ ಮೇಲಿನ ಕುಳಿಗಳನ್ನು ಗುಮಾಸ್ತರು ಎಣಿಸತಕ್ಕದ್ದು. ಶಾಯಿಯ ಗುರುತು ಹಾಕಿದರೆ ಚೆಂಡಿನ ತಂತ್ರಜ್ಞಾನ ಬದಲಾಗುವುದರಿಂದ, ಮೊದಲ ಕುಳಿಯ ಮೇಲೆ ಹೆಬ್ಬೆರಳಿಟ್ಟು ಎಣಿಸುವುದು. ಊಟಕ್ಕೆ ಏಳುವವರು ಹೆಬ್ಬೆರಳಿನ ಪ್ರಭಾರವನ್ನು ಲಿಖಿತವಾಗಿ ಸಹೋದ್ಯೋಗಿಗೆ ವಹಿಸತಕ್ಕದ್ದು.

3. ಗಡಿ ದಾಟಿದ ಚೆಂಡನ್ನು ಅನಧಿಕೃತ ಗೈರುಹಾಜರಿ ಎಂದು ಪರಿಗಣಿಸಿ ವಿವರಣೆ ಕೇಳಲಾಗುವುದು. ಉತ್ತರ ಬಾರದಿದ್ದಲ್ಲಿ, ಚೆಂಡಿಗೆ ಹೇಳಲು ಏನೂ ಇಲ್ಲವೆಂದು ಭಾವಿಸಿ ಕ್ರಮ ಜರುಗಿಸಲಾಗುವುದು.

4. ಪ್ರಮಾಣ ಚೆಂಡು ಸದ್ಯ ದೊಡ್ಡಮ್ಮನವರ ಕಾಲುಚೀಲವೊಂದರೊಳಗಿದ್ದು, ಅದರ ಆಧಾರದ ಮೇಲೆ ಹಿಮ್ಮಡಿಯ ತೂತು ಹೊಲಿಯಲಾಗುತ್ತಿದೆ. ಘಟನೆಯ ವೇಳೆ ನಿರ್ದೇಶಕರು ಮೈದಾನದಲ್ಲಿರಲಿಲ್ಲ ಎಂಬ ಸ್ಪಷ್ಟೀಕರಣವನ್ನು, ಯಾರೂ ಕೇಳದಿದ್ದರೂ, ದೊಡ್ಡಮ್ಮನವರಿಗೆ ಕಳುಹಿಸಲಾಗಿತ್ತು. ಅವರ ಉತ್ತರವನ್ನು ಜವಾನರು ಯಥಾವತ್ತಾಗಿ ವರದಿ ಮಾಡಿರುತ್ತಾರೆ: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ನಾನು ಕಿಟಕಿ ಹತ್ರಾನೇ ನಿಂತಿದ್ದೆ ಕಣಪ್ಪ. ಹೊಡೆದವರು ತಪ್ಪಾಯ್ತು ಅಂತ ಒಂದು ಮಾತು ಅನ್ನಲಿ, ಚೆಂಡು ಕೊಡ್ತೀನಿ."

5. ಸದರಿ ಒಂದು ಮಾತನ್ನು ರಚಿಸಲು ಉಪಸಮಿತಿ ನೇಮಿಸಿ, ನಾಲ್ಕು ಪುಟಗಳ ವಿಷಾದಪತ್ರವನ್ನು ರವಾನಿಸಲಾಯಿತು. ಅದರಲ್ಲಿ ಗಾಳಿಯನ್ನೂ, ಇಳಿಜಾರನ್ನೂ, ಕಿಟಕಿ ಇದ್ದ ಜಾಗವನ್ನೂ ಹೊಣೆ ಮಾಡಲಾಗಿತ್ತು. ದೊಡ್ಡಮ್ಮನವರು ಆ ಪುಟಗಳನ್ನು ಒಡೆದ ಗಾಜಿನ ಜಾಗಕ್ಕೆ ಅಂಟಿಸಿಕೊಂಡಿರುತ್ತಾರೆ.

6. ಹಂಗಾಮಿ ಪ್ರಮಾಣ ಚೆಂಡನ್ನು ಕ್ಯಾಂಟೀನಿನವರು ಇಂದು ಬೆಳಿಗ್ಗೆ ಕಣ್ತಪ್ಪಿನಿಂದ ಶರಬತ್ತು ಮಾಡಿದ್ದು, ಅದನ್ನು ನಿರ್ದೇಶಕರೇ ಕುಡಿದಿರುವುದರಿಂದ ನಿಯಮ 1ನ್ನು ಹಿಂಪಡೆಯಲಾಗಿದೆ. ಇಲಾಖೆಗೆ ಈಗ ಬೇರೆ ದಾರಿ ಉಳಿದಿರುವುದಿಲ್ಲ.

(ಸಹಿ)
ನಿರ್ದೇಶಕರು

ಪ್ರತಿಗಳು:
1. ಎಲ್ಲ ವೃತ್ತಿಪರ ಆಟಗಾರರಿಗೆ, ಮೆಲ್ಲಗೆ ಹೊಡೆಯುವ ಸೂಚನೆಯೊಂದಿಗೆ.
2. ಗಾಜಿನ ಅಂಗಡಿಯವರಿಗೆ, ಕಿಟಕಿಯ ಅಳತೆಯೊಂದಿಗೆ.
3. ಪಕ್ಕದ ಮನೆಯ ದೊಡ್ಡಮ್ಮನವರಿಗೆ, ನಿರ್ದೇಶಕರ ಕೈಬರಹದಲ್ಲಿ: ತಪ್ಪಾಯ್ತು ದೊಡ್ಡಮ್ಮ. ನಾನೇ ಹೊಡೆದದ್ದು. ನಿಜ ಹೇಳಬೇಕು ಅಂದ್ರೆ, ಅಷ್ಟು ದೂರ ನಾನು ಯಾವತ್ತೂ ಹೊಡೆದಿರಲಿಲ್ಲ. ಗಾಜು ಒಡೆಯೋವರೆಗೂ ತುಂಬಾ ಖುಷಿಯಾಗಿತ್ತು.
4. ಕಚೇರಿ ಕಡತಕ್ಕೆ, ಮೇಲಿನ ಕ್ರಮಾಂಕ 3ನ್ನು ಹೊರತುಪಡಿಸಿ.